ಗಣಕಯಂತ್ರಕ್ಕೂ ಒಂದು ಬೀಗದ ಕೈ



ಅಡಿಕೆ, ಕಾಫಿ ಮಾರಿದ ಹಣ ಇಂದು ನೇರವಾಗಿ ಬ್ಯಾಂಕಿನ ಖಾತೆಗೆ ಜಮೆಯಾಗುತ್ತದೆ. ಗೊಬ್ಬರದ ಬಿಲ್ಲು, ಸಾಲದ ಲೆಕ್ಕ, ತೆರಿಗೆಯ ಕಾಗದ ಹಲವರಿಗೆ ಇ-ಮೇಲಿನಲ್ಲೇ ಬರುತ್ತವೆ. ಗೋದಾಮಿಗೆ ಎರಡು ಬೀಗ ಜಡಿದು, ಅಂಗಳದಲ್ಲಿ ಒಣಗುವ ಅಡಿಕೆಗೆ ರಾತ್ರಿ ಕಾವಲು ಕೂರುವವರು ನಾವು. ಆದರೆ ಈ ಲೆಕ್ಕಪತ್ರಗಳೆಲ್ಲ ಇರುವ ಇ-ಮೇಲಿನ ಬಾಗಿಲಿಗೆ ಮಾತ್ರ ಮಗನ ಹೆಸರು, ಹುಟ್ಟಿದ ವರ್ಷ ಕೂಡಿಸಿದ ಒಂದು ಪಾಸ್‌ವರ್ಡೇ ಕಾವಲು. ಈ ಬಾಗಿಲಿಗೆ ಕೈಯಲ್ಲಿ ಹಿಡಿಯಬಹುದಾದ ನಿಜವಾದ ಬೀಗದ ಕೈಯೊಂದಿದೆ. ಅದರ ಪರಿಚಯವೇ ಈ ಪಾಠ.

ಪಾಸ್‌ವರ್ಡು, ಓಟಿಪಿ ಸಾಲವೇ?

ಪಾಸ್‌ವರ್ಡು ಬಾಯಿಮಾತಿನ ಗುಟ್ಟು. ತಿಳಿದವನೆಲ್ಲ ಅದರ ಒಡೆಯ. ವಂಚಕನು ನಿಜವಾದ ಪುಟದಂತೆಯೇ ಕಾಣುವ ನಕಲಿ ಪುಟವೊಂದನ್ನು ಕಟ್ಟುತ್ತಾನೆ. ವಿಳಾಸದಲ್ಲಿ ಒಂದಕ್ಷರ ಮಾತ್ರ ವ್ಯತ್ಯಾಸ. "ನಿಮ್ಮ ಖಾತೆ ಸ್ಥಗಿತವಾಗಲಿದೆ" ಎಂಬ ಸಂದೇಶ ಕಂಡು ಗಾಬರಿಯಾದವರು ಅಲ್ಲಿ ಪಾಸ್‌ವರ್ಡು ಕೊಡುತ್ತಾರೆ, ಮೊಬೈಲಿಗೆ ಬಂದ ಓಟಿಪಿಯನ್ನೂ ಕೊಡುತ್ತಾರೆ. ವಂಚಕನು ಅವೆರಡನ್ನೂ ಆ ಕ್ಷಣವೇ ನಿಜವಾದ ಪುಟದಲ್ಲಿ ಹಾಕಿ ಒಳಹೊಗುತ್ತಾನೆ. ಓಟಿಪಿ ಇದ್ದರೂ ಪ್ರಯೋಜನವಾಗುವುದಿಲ್ಲ. ಕಣ್ಣು ಮೋಸ ಹೋಗುವಲ್ಲಿ ಎಚ್ಚರಿಕೆಯ ಮಾತೊಂದೇ ಸಾಲದು.

ಈ ಕೈ ಕೆಲಸ ಮಾಡುವ ಬಗೆ

ನೋಡಲು ಇದು ಚಿಕ್ಕ ಪೆನ್‌ಡ್ರೈವಿನಂತಿದೆ. ಆದರೆ ಇದರಲ್ಲಿ ಕಡತಗಳನ್ನು ತುಂಬುವಂತಿಲ್ಲ. ಒಳಗಿನ ಚಿಪ್ಪಿನಲ್ಲಿ ಹೊರಗೆ ತೆಗೆಯಲಾಗದ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಬ್ಯಾಂಕಿನಲ್ಲಿ ಖಾತೆ ತೆರೆದಾಗ ಮಾದರಿ ಸಹಿ ಕೊಡುತ್ತೇವಲ್ಲ, ಅದನ್ನು ನೆನೆಯಿರಿ. ಕೀಯನ್ನು ಮೊದಲ ಸಲ ನೋಂದಾಯಿಸುವಾಗ ಖಾತೆಯವರಿಗೆ ಅಂಥ ಮಾದರಿ ಮಾತ್ರ ಹೋಗುತ್ತದೆ. ಸಹಿ ಹಾಕುವ ಕೈ ನಮ್ಮಲ್ಲೇ ಉಳಿಯುತ್ತದೆ. ಮುಂದೆ ಪ್ರತಿ ಸಲವೂ ಅವರು ಹೊಸದೊಂದು ಪ್ರಶ್ನೆ ಕಳುಹಿಸುತ್ತಾರೆ. ನಾವು ಕೀಯನ್ನು ಸಿಕ್ಕಿಸಿ ಮೇಲಿನ ಬಿಲ್ಲೆಯನ್ನು ಮುಟ್ಟಿದಾಗ ಅದು ಆ ಪ್ರಶ್ನೆಗೆ ಸಹಿ ಹಾಕುತ್ತದೆ. ನಿನ್ನೆಯ ಸಹಿ ಇಂದಿಗೆ ನಡೆಯದು.

ಮುಖ್ಯವಾದ ಸಂಗತಿ ಇನ್ನೊಂದಿದೆ. ಸಹಿಯ ಜೊತೆಗೆ ಪುಟದ ವಿಳಾಸವೂ ಸೇರಿಕೊಳ್ಳುತ್ತದೆ. ನಕಲಿ ಪುಟದ ವಿಳಾಸ ಬೇರೆಯಾದ್ದರಿಂದ ಅಲ್ಲಿ ನಡೆಯುವ ಸಹಿ ಹುಟ್ಟುವುದೇ ಇಲ್ಲ. ನಾವು ಮೋಸ ಹೋದರೂ ಕೀ ಮೋಸ ಹೋಗದು. ಇದೇ ಇದರ ಹೆಚ್ಚುಗಾರಿಕೆ.

ಎರಡು ನಿದರ್ಶನಗಳು

ಗೂಗಲ್ ಸಂಸ್ಥೆ 2017ರ ಆರಂಭದಿಂದ ತನ್ನ ಸಿಬ್ಬಂದಿಗೆಲ್ಲ ಇಂಥ ಕೀಯನ್ನು ಕಡ್ಡಾಯ ಮಾಡಿತು. ಆ ಬಳಿಕ 85,000ಕ್ಕೂ ಹೆಚ್ಚಿನ ನೌಕರರಲ್ಲಿ ಒಬ್ಬರ ಕಚೇರಿ ಖಾತೆಯೂ ನಕಲಿ ಪುಟದಿಂದ ಕಳುವಾಗಿಲ್ಲವೆಂದು 2018ರಲ್ಲಿ ತಿಳಿಸಿತು.

2022ರ ಜುಲೈಯಲ್ಲಿ ಅಮೆರಿಕದ ಕ್ಲೌಡ್‌ಫ್ಲೇರ್ ಸಂಸ್ಥೆಯ ಕನಿಷ್ಠ 76 ನೌಕರರಿಗೆ ಮೋಸದ ಸಂದೇಶ ಬಂತು. ಗಣಕಯಂತ್ರವೇ ಕಸುಬಾಗಿರುವ ಅವರಲ್ಲೂ ಮೂವರು ನಕಲಿ ಪುಟದಲ್ಲಿ ಪಾಸ್‌ವರ್ಡು ಕೊಟ್ಟರು. ಆದರೆ ಒಳಹೊಗಲು ಕೀ ಬೇಕಾಗಿತ್ತು. ವಂಚಕರು ಹೊರಗೇ ಉಳಿದರು.

ರೂಢಿಗೆ ತರುವ ಕ್ರಮ

1. ಅಂಗಡಿಯಲ್ಲಿ "ಫೈಡೊ2 ಸೆಕ್ಯುರಿಟಿ ಕೀ" ಎಂದು ಕೇಳಿರಿ. ಒಂದಲ್ಲ, ಎರಡು ಕೊಳ್ಳಿರಿ. ಎರಡನ್ನೂ ನೋಂದಾಯಿಸಿ, ಒಂದನ್ನು ಜಮೀನಿನ ದಾಖಲೆಗಳೊಡನೆ ಭದ್ರವಾಗಿಡಿರಿ.

2. ಮೊದಲು ಇ-ಮೇಲಿಗೆ ಹೊಂದಿಸಿರಿ. ಉಳಿದ ಅನೇಕ ಖಾತೆಗಳ ಪಾಸ್‌ವರ್ಡನ್ನು ಬದಲಿಸುವ ದಾರಿ ಅದೇ. ಖಾತೆಯ ಭದ್ರತೆಯ ವಿಭಾಗದಲ್ಲಿ "ಸೆಕ್ಯುರಿಟಿ ಕೀ" ಎಂಬ ಆಯ್ಕೆ ಸಿಗುತ್ತದೆ. ನಿಮ್ಮ ಬ್ಯಾಂಕು ಇದನ್ನು ಒಪ್ಪುತ್ತದೆಯೇ ಎಂದು ಶಾಖೆಯಲ್ಲಿ ವಿಚಾರಿಸಿರಿ.

3. ಕೀಗೆ ಒಂದು ಪಿನ್ ಇಡಿರಿ. ಆಗ ಕದ್ದವನಿಗೂ ಅದು ಸುಲಭವಾಗಿ ದಕ್ಕದು. ನೆನಪಿರಲಿ: ಸತತ 8 ಸಲ ತಪ್ಪು ಪಿನ್ ಹಾಕಿದರೆ ಪಿನ್ ಬಂದ್ ಆಗುತ್ತದೆ. ಕೀಯನ್ನು ಅಳಿಸಿ ಮತ್ತೆ ಮೊದಲಿನಿಂದ ನೋಂದಾಯಿಸಬೇಕಾಗುತ್ತದೆ.

4. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಡಬಾರದು. ಎರಡೂ ಕೀಗಳು ಸರಿಯಾಗಿ ನಡೆಯುತ್ತವೆಂದು ಖಚಿತವಾದ ಮೇಲೆ, ಓಟಿಪಿಯ ಮೂಲಕ ಒಳಬರುವ ದಾರಿಯನ್ನು ಮುಚ್ಚಿರಿ.

5. ಕೀ ಕಳೆದುಹೋದರೆ ಎರಡನೆಯದರಿಂದ ಒಳಹೊಕ್ಕು, ಕಳೆದುದನ್ನು ಪಟ್ಟಿಯಿಂದ ಕೂಡಲೇ ತೆಗೆದುಹಾಕಿರಿ.

ಗಣಕಯಂತ್ರವನ್ನು ತೆರೆಯುವುದಕ್ಕೇ ಇದನ್ನು ಬಳಸಬಹುದೇ? ಬಳಸಬಹುದು. ಲಿನಕ್ಸ್ ಇರುವ ಯಂತ್ರಕ್ಕೆ "ಪ್ಯಾಮ್ ಯು2ಎಫ್" ಎಂಬ ಉಚಿತ ತಂತ್ರಾಂಶವಿದೆ. ಅದನ್ನು ಹೊಂದಿಸುವಾಗ ಈಗಾಗಲೇ ಒಳಗಿರುವ ಒಂದು ಕಿಟಕಿಯನ್ನು ಮುಚ್ಚದೆ, ಇನ್ನೊಂದರಲ್ಲಿ ಪರೀಕ್ಷಿಸಿ ನೋಡಬೇಕು. ಇಲ್ಲವಾದರೆ ನಮ್ಮ ಮನೆಗೆ ನಾವೇ ಹೊರಗಿನವರಾಗುತ್ತೇವೆ. ವಿಂಡೋಸಿನಲ್ಲಿ ಸಂಸ್ಥೆಯ ಖಾತೆಗೆ ಸೇರಿಸಿದ ಯಂತ್ರಗಳಿಗೆ ಇದನ್ನು ಅಳವಡಿಸಬಹುದು. ಮನೆಯ ಸಾಮಾನ್ಯ ಯಂತ್ರದ ಮೊದಲ ಪರದೆಗೆ ಇದು ನೇರವಾಗಿ ಹೊಂದುವುದಿಲ್ಲ.

ತಪ್ಪು ತಿಳಿವಳಿಕೆ ಬೇಡ

ಸಂಘಗಳ ಕಾರ್ಯದರ್ಶಿಗಳ ಬಳಿ ಇರುವ ಡಿಜಿಟಲ್ ಸಹಿಯ ಟೋಕನ್ನೂ ನೋಡಲು ಹೀಗೆಯೇ ಇರುತ್ತದೆ. ಆದರೆ ಅದರ ಕೆಲಸ ಬೇರೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ಅದು ಕಾಗದಪತ್ರಕ್ಕೆ ಹಾಕುವ ಸಹಿ. ಇಲ್ಲಿ ಹೇಳಿದ್ದು ಬಾಗಿಲಿನ ಕೈ. ಎರಡನ್ನೂ ಯಂತ್ರಕ್ಕೆ ಸಿಕ್ಕಿಸಿಟ್ಟು ಚಹಾಕ್ಕೆ ಎದ್ದು ಹೋಗುವ ಅಭ್ಯಾಸ ಸಲ್ಲದು.

ಈ ಕೀ ಎಲ್ಲ ರೋಗಕ್ಕೂ ಮದ್ದಲ್ಲ. ಫೋನಿನಲ್ಲಿ ನಯವಾಗಿ ಮಾತನಾಡಿ, ನಮ್ಮ ಕೈಯಿಂದಲೇ ಹಣ ಕಳುಹಿಸುವಂತೆ ಮಾಡುವವನನ್ನು ಇದು ತಡೆಯದು. ನಾವು ಒಳಗಿರುವಾಗ ಯಂತ್ರದ ಹಿಡಿತವನ್ನು ಅಪರಿಚಿತನಿಗೆ ಬಿಟ್ಟುಕೊಟ್ಟರೂ ಇದು ನಿಸ್ಸಹಾಯಕ. ಹಣ ಹೋಯಿತೆಂದು ತಿಳಿದ ಗಳಿಗೆಯಲ್ಲೇ ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸಿರಿ. ನಾಚಿಕೆಯಿಂದ ತಡ ಮಾಡಬೇಡಿರಿ.

ಕೊಳೆ ಬಂದ ಮೇಲೆ ಔಷಧಿ ಹೊಡೆದರೆ ಉದುರಿದ ಕಾಯಿ ಮರಕ್ಕೆ ಬಾರದು. ಮಳೆಗೆ ಮುನ್ನವೇ ಬೋರ್ಡೋ ಸಿಂಪಡಿಸುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮನೆಯ ಎಳೆಯರೊಡನೆ ಕುಳಿತು ಈ ವಾರವೇ ಇ-ಮೇಲಿನ ಬಾಗಿಲನ್ನೊಮ್ಮೆ ಪರೀಕ್ಷಿಸಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.