ಒಂದೇ ಒಲೆ, ಹಲವು ಪಥ್ಯ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಅಡಿಕೆ ತೋಟದ ಮನೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಮನೆಯವರೊಡನೆ ತೋಟದ ಕೆಲಸದವರೂ ನೆಂಟರೂ ಸೇರುವುದುಂಟು. ಎಲ್ಲರಿಗೂ ಒಂದೇ ಅಡಿಗೆ ಎಂಬುದು ಹಿಂದಿನ ರೂಢಿ. ಈಗ ಪರಿಸ್ಥಿತಿ ಬೇರೆ. ಅಜ್ಜನಿಗೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ, ದೊಡ್ಡಪ್ಪನಿಗೆ ಮೂತ್ರಪಿಂಡದ ತೊಂದರೆ, ಸೊಸೆಗೆ ಗೋಧಿ ವರ್ಜ್ಯ, ಮೊಮ್ಮಗನಿಗೆ ಗೇರುಬೀಜದ ಅಲರ್ಜಿ, ಅಜ್ಜಿಗೆ ಚಾತುರ್ಮಾಸ್ಯ ವ್ರತ ಇರುವ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಐದು ಮಂದಿಗೆ ಐದು ಅಡಿಗೆ ಮಾಡುವ ಗೃಹಿಣಿ ಬಹುಬೇಗ ದಣಿಯುತ್ತಾಳೆ. ದಣಿದ ಕೈಯಿಂದಲೇ ತಪ್ಪು ಆಗುವುದು. ಆದುದರಿಂದ ಅಡಿಗೆಯ ಸಂಖ್ಯೆಯನ್ನು ಹೆಚ್ಚಿಸುವ ಬದಲು ಎಲ್ಲರೂ ಉಣ್ಣಬಹುದಾದ ಮೂಲ ಅಡಿಗೆಯನ್ನು ಆರಿಸಿಕೊಳ್ಳುವುದೇ ಸರಿಯಾದ ಕ್ರಮ.

ವ್ರತದ ಅಡಿಗೆಯಿಂದ ಪಾಠ

ಈ ಭಾಗದ ಅನೇಕ ಮನೆಗಳಿಗೆ ಇಂತಹ ಯೋಜನೆ ಹೊಸತಲ್ಲ. ಚಾತುರ್ಮಾಸ್ಯ ಆಚರಿಸುವವರು ಮೊದಲ ತಿಂಗಳು ತರಕಾರಿ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ದ್ವಿದಳ ಧಾನ್ಯಗಳನ್ನು ಬಿಡುತ್ತಾರೆ. ಒಗ್ಗರಣೆಗೆ ಬಿದ್ದ ಉದ್ದಿನಬೇಳೆಯನ್ನು ಸಹ ನೆನಪಿಡುವ ಗೃಹಿಣಿಯರು ಈ ಮನೆಗಳಲ್ಲಿದ್ದಾರೆ. ಅಲರ್ಜಿಯ ಅಡಿಗೆಗೂ ಬೇಕಾದುದು ಇದೇ ಎಚ್ಚರ. ಆದರೆ ವ್ಯತ್ಯಾಸವೊಂದಿದೆ: ವ್ರತ ತಪ್ಪಿದರೆ ಪ್ರಾಯಶ್ಚಿತ್ತವುಂಟು, ಅಲರ್ಜಿಯಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಮೂರು ಬಗೆಯ ಪಥ್ಯ

1. ಲೇಶವೂ ಆಗದವು: ಗೇರುಬೀಜ, ನೆಲಗಡಲೆ, ಸಿಗಡಿ, ಮೊಟ್ಟೆ, ಹಾಲು ಮುಂತಾದವುಗಳ ಅಲರ್ಜಿ ಹಾಗೂ ಗೋಧಿಯ ಗ್ಲೂಟೆನ್ ಆಗದ ಸೀಲಿಯಾಕ್ ರೋಗ ಈ ಗುಂಪಿಗೆ ಸೇರುತ್ತವೆ. ಗೇರುಬೀಜ ಹುರಿದರೂ ಸಿಗಡಿ ಬೇಯಿಸಿದರೂ ದೋಷ ಹೋಗದು. ಪಾತ್ರೆಯಿಂದ ಆರಿಸಿ ತೆಗೆದರೂ ಸಾಲದು.

2. ಅಳತೆಯಿಂದ ನಡೆಯುವವು: ಸಕ್ಕರೆ ಕಾಯಿಲೆಗೆ ಅನ್ನ ಮತ್ತು ಸಿಹಿ, ರಕ್ತದೊತ್ತಡಕ್ಕೆ ಉಪ್ಪು, ಮೂತ್ರಪಿಂಡದ ರೋಗಕ್ಕೆ ಉಪ್ಪು, ಪೊಟ್ಯಾಸಿಯಂ ಮತ್ತು ಬೇಳೆಕಾಳು. ಹಾಲಿನ ಸಕ್ಕರೆ ಜೀರ್ಣವಾಗದವರೂ ಇಲ್ಲಿಗೇ ಸೇರುತ್ತಾರೆ. ಇವರಲ್ಲಿ ಹಲವರಿಗೆ ಮಜ್ಜಿಗೆ ಒಗ್ಗುತ್ತದೆ. ಹಾಲಿನ ಅಲರ್ಜಿ ಇದ್ದವರಿಗೆ ಮಜ್ಜಿಗೆಯೂ ಆಗದು.

3. ವ್ರತ ಮತ್ತು ಸಂಪ್ರದಾಯದವು: ಇವುಗಳ ಕಾಲ ಮೊದಲೇ ಗೊತ್ತಿರುವುದರಿಂದ ಯೋಜನೆ ಸುಲಭ. ಆದರೆ ಏಕಾದಶಿಯ ಉಪವಾಸವಾಗಲಿ, ರಂಜಾನಿನ ಉಪವಾಸವಾಗಲಿ, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಮಾಡಬೇಕು.

ಕೆಸುವಿನ ಎಲೆಯ ಪತ್ರೊಡೆ ತಿಂದು ಗಂಟಲು ತುರಿಸಿದರೆ ಅದು ಸಾಮಾನ್ಯವಾಗಿ ಅಲರ್ಜಿಯಲ್ಲ. ಎಲೆಯಲ್ಲಿರುವ ಆಕ್ಸಲೇಟಿನ ಸೂಜಿಯಂತಹ ಹರಳುಗಳೇ ಕಾರಣ. ಚೆನ್ನಾಗಿ ಬೇಯದಿದ್ದರೆ ತಿಂದ ಎಲ್ಲರಿಗೂ ತುರಿಸುತ್ತದೆ. ಎಲ್ಲರೂ ತಿಂದ ಪದಾರ್ಥದಿಂದ ಒಬ್ಬನಿಗೆ ಮಾತ್ರ ಮೈಮೇಲೆ ದಡಿಕೆ ಎದ್ದರೆ, ತುಟಿ ಊದಿದರೆ, ಅಲರ್ಜಿಯೆಂದು ಸಂಶಯಿಸಿ ವೈದ್ಯರಿಗೆ ತೋರಿಸಬೇಕು. ಸುಮ್ಮನೆ ಊಹಿಸಿ ಮಗುವಿನ ಊಟದಿಂದ ನಾಲ್ಕಾರು ಪದಾರ್ಥಗಳನ್ನು ತೆಗೆದುಹಾಕಿದರೆ ಬೆಳವಣಿಗೆ ಕುಂಠಿತವಾಗುತ್ತದೆ.

ಮೂಲ ಅಡಿಗೆಯ ನಿಯಮ

ಮೊದಲನೆಯ ಗುಂಪಿನ ಪದಾರ್ಥಗಳನ್ನು ಮೂಲ ಅಡಿಗೆಗೆ ಹಾಕಲೇಬಾರದು. ಎರಡನೆಯ ಗುಂಪಿನದನ್ನು ಬಡಿಸುವಾಗ ಅಳತೆಯಿಂದ ಸರಿಪಡಿಸಬೇಕು. ಅಕ್ಕಿ ಮತ್ತು ತೆಂಗಿನಕಾಯಿಯೇ ಆಧಾರವಾಗಿರುವ ಈ ಕಡೆಯ ಊಟ ಇದಕ್ಕೆ ಬಹಳ ಅನುಕೂಲ. ನೀರುದೋಸೆಯಲ್ಲಿ ಗೋಧಿ, ಬೇಳೆ, ಹಾಲು, ಗೇರುಬೀಜ ಯಾವುದೂ ಇಲ್ಲ. ಪುನರ್ಪುಳಿ ಸಾರೂ ಹಾಗೆಯೇ.

ಮೇಲಿನ ಮನೆಯಲ್ಲಿ ಅಜ್ಜಿ ಹಾಲು ಬಿಟ್ಟ ತಿಂಗಳಿನ ಒಂದು ದಿನದ ಊಟವನ್ನು ಹೀಗೆ ಯೋಜಿಸಬಹುದು.

ಬೆಳಗ್ಗೆ: ನೀರುದೋಸೆ, ಕಾಯಿಚಟ್ನಿ. ಅಜ್ಜನಿಗೆ ದೋಸೆಗಳನ್ನು ಎಣಿಸಿ ಬಡಿಸಬೇಕು.

ಮಧ್ಯಾಹ್ನ: ಕುಚ್ಚಲಕ್ಕಿ ಅನ್ನ, ಬೆಲ್ಲ ಹಾಕದ ಪುನರ್ಪುಳಿ ಸಾರು, ಸೌತೆಕಾಯಿ ಕೊದ್ದೆಲು, ತೊಂಡೆಕಾಯಿ ಪಲ್ಯ, ಮಜ್ಜಿಗೆ. ಬೆಲ್ಲ ಬೇಕಾದವರು ತಮ್ಮ ಬಟ್ಟಲಿಗೆ ಹಾಕಿಕೊಳ್ಳಲಿ. ಕುಚ್ಚಲಕ್ಕಿಯೂ ಅನ್ನವೇ ಆದುದರಿಂದ ಅಜ್ಜನಿಗೆ ಅನ್ನ ಕಡಿಮೆ, ಪಲ್ಯ ಹೆಚ್ಚು. ಹುರುಳಿ ಅಥವಾ ಅಲಸಂಡೆ ಕಾಳಿನ ಸಾರನ್ನು ಬೇರೆ ಪಾತ್ರೆಯಲ್ಲಿ ಮಾಡಿ ದೊಡ್ಡಪ್ಪನನ್ನು ಬಿಟ್ಟು ಉಳಿದವರಿಗೆ ಬಡಿಸಬೇಕು.

ಹಬ್ಬವಿದ್ದರೆ: ಕಾಯಿಹಾಲಿನ ಪಾಯಸ. ಗೇರುಬೀಜದ ಬದಲಿಗೆ ತೆಂಗಿನಕಾಯಿಯ ಚೂರುಗಳನ್ನು ತೆಂಗಿನೆಣ್ಣೆಯಲ್ಲಿ ಹುರಿದು ಹಾಕಿದರೆ ರುಚಿಗೆ ಕೊರತೆಯಿಲ್ಲ. ಅಜ್ಜನಿಗೂ ದೊಡ್ಡಪ್ಪನಿಗೂ ಒಂದೆರಡು ಚಮಚ ಸಾಕು.

ಬಾಳೆಲೆಯ ತುದಿಗೆ ಉಪ್ಪು ಬಡಿಸುವ ಪದ್ಧತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಡಿಗೆಗೆ ಉಪ್ಪನ್ನು ಕಡಿಮೆ ಹಾಕಿ, ಬೇಕಾದವರಿಗೆ ಮಾತ್ರ ಎಲೆಗೆ ಬಡಿಸಬೇಕು. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪೂ ಈ ಲೆಕ್ಕಕ್ಕೆ ಸೇರಿದೆ.

ಅಡಗಿರುವ ಅಪಾಯಗಳು

* ಪೇಟೆಯ ಕೂಟು ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ ಹಿಟ್ಟು ಇರುತ್ತದೆ. ಸೀಲಿಯಾಕ್ ರೋಗಿಯಿರುವ ಮನೆಯಲ್ಲಿ ಅಕ್ಕಿಹಿಟ್ಟಿನಲ್ಲಿ ಮಾಡಿದ ಇಂಗನ್ನು ನೋಡಿ ತರಬೇಕು, ಇಲ್ಲವೇ ಇಂಗನ್ನೇ ಬಿಡಬೇಕು.

* 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಅಜ್ಜನ ರಕ್ತದೊತ್ತಡಕ್ಕೆಂದು ತಂದ ಈ ಉಪ್ಪು ದೊಡ್ಡಪ್ಪನಿಗೆ ಅಪಾಯಕಾರಿ.

* ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ರೋಗಿಗೆ ಉಪಚಾರವೆಂದು ಕೊಡಬಾರದು. ದಾರೆಹುಳಿಯೂ ಇವರಿಗೆ ವಿಷಸಮಾನ. ಕೇರಳದಲ್ಲಿ ಬಿಂಬುಳಿಯ ರಸ ಕುಡಿದವರ ಮೂತ್ರಪಿಂಡ ಹಠಾತ್ತನೆ ಕೆಟ್ಟ ಪ್ರಕರಣಗಳು 2013ರಲ್ಲಿ ವರದಿಯಾಗಿವೆ.

* ಗೇರುಬೀಜ ಆಗದವರಲ್ಲಿ ಅನೇಕರಿಗೆ ಪಿಸ್ತಾ ಕೂಡ ಆಗುವುದಿಲ್ಲ. ಹೋಟೆಲಿನ ಗಟ್ಟಿ ಸಾರು, ಬರ್ಫಿಗಳಲ್ಲಿ ಗೇರುಬೀಜ ಅರೆದು ಹಾಕಿರುತ್ತಾರೆ, ಕಣ್ಣಿಗೆ ಕಾಣದು.

* ಪೊಟ್ಟಣದ ತಿಂಡಿಗಳ ಮೇಲೆ ಗ್ಲೂಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ನೆಲಗಡಲೆ, ಗೇರುಬೀಜದಂತಹ ಬೀಜಗಳು, ಸೋಯಾ ಇದ್ದರೆ ನಮೂದಿಸುವುದು 2020ರ ಆಹಾರ ಲೇಬಲ್ ನಿಯಮಗಳ ಪ್ರಕಾರ ಕಡ್ಡಾಯ. ಓದಿಯೇ ಕೊಳ್ಳಬೇಕು.

ಅಲರ್ಜಿ ಇರುವವರ ಅಡಿಗೆಯನ್ನು ಮೊದಲು ಮಾಡಿ ಮುಚ್ಚಿಡಬೇಕು. ಸೌಟು, ಮಿಕ್ಸಿಯ ಜಾರು ಪ್ರತ್ಯೇಕವಿರಲಿ. ಮೆಟ್ಟುಕತ್ತಿಯನ್ನು ಸಾಬೂನಿನಿಂದ ತೊಳೆಯಬೇಕು. ಅರೆಯುವ ಕಲ್ಲಿನ ಗುಳಿಗಳಲ್ಲಿ ಹಿಂದಿನ ಪದಾರ್ಥ ಉಳಿಯುತ್ತದೆ ಎಂಬುದನ್ನು ಮರೆಯಬಾರದು. ಸಿಗಡಿ ಕರಿದ ಎಣ್ಣೆಯಲ್ಲಿ ಬೇರೇನನ್ನೂ ಕರಿಯಬಾರದು.

ಹಿತ್ತಿಲಿನಿಂದಲೇ ಯೋಜನೆ

ಅಡಿಗೆಯ ಯೋಜನೆ ತರಕಾರಿ ಬೀಜ ಹಾಕುವಾಗಲೇ ಆರಂಭವಾಗಬೇಕು. ಸೌತೆ, ಸೋರೆ, ಹೀರೆ, ಪಡವಲ, ಕುಂಬಳ ಮುಂತಾದ ಬಳ್ಳಿ ತರಕಾರಿಗಳು ಸಕ್ಕರೆ ಕಾಯಿಲೆಯವರಿಗೂ ಮೂತ್ರಪಿಂಡದ ರೋಗಿಗಳಿಗೂ ಸಾಮಾನ್ಯವಾಗಿ ಒಗ್ಗುತ್ತವೆ. ಒಂದೇ ಸಲ ಬಿತ್ತುವ ಬದಲು ಹದಿನೈದು ದಿನಗಳ ಅಂತರದಲ್ಲಿ ಬಿತ್ತಿದರೆ ಫಸಲು ಬಹುಕಾಲ ಸಿಗುತ್ತದೆ. ಬೇಸಿಗೆಯಲ್ಲಿ ಬೆಳೆದ ಸೌತೆಕಾಯಿಗಳನ್ನು ಬಲಿತ ಮೇಲೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕುವ ಪದ್ಧತಿಯಿಂದ ಮಳೆಗಾಲಕ್ಕೂ ತರಕಾರಿ ದೊರೆಯುತ್ತದೆ. ಹರಿವೆ, ಬಸಳೆ, ಗೆಡ್ಡೆಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಪೊಟ್ಯಾಸಿಯಂ ಕಡಿಮೆ ಮಾಡಲು ವೈದ್ಯರು ಹೇಳಿರುವವರ ಪಾಲನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಬೇಕು.

ತಪ್ಪಿದಾಗ

ತಿಂದ ಕೆಲವೇ ನಿಮಿಷಗಳಲ್ಲಿ ತುಟಿ-ನಾಲಿಗೆ ಊದುವುದು, ಉಸಿರು ಕಟ್ಟುವುದು, ಮೇಲಿಂದ ಮೇಲೆ ವಾಂತಿ, ತಲೆ ಸುತ್ತಿ ಬೀಳುವುದು ಗಂಡಾಂತರದ ಚಿಹ್ನೆಗಳು. ಇದಕ್ಕೆ ಅಡ್ರಿನಲಿನ್ ಚುಚ್ಚುಮದ್ದೇ ಮದ್ದು. ಅಲರ್ಜಿಯ ಮಾತ್ರೆ ಕೊಟ್ಟು ಕಾದು ಕೂರಬಾರದು. ರೋಗಿಯನ್ನು ನಡೆಸದೆ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಬೇಕು. ಕೂಡಲೇ 108ಕ್ಕೆ ಕರೆ ಮಾಡಬೇಕು. ಕಾಡಂಚಿನ ಮನೆಗಳಿಗೆ ವಾಹನ ಬರಲು ತಡವಾಗುವ ಸಂಭವವಿದ್ದರೆ ಸಿಕ್ಕಿದ ವಾಹನದಲ್ಲಿ ಸಮೀಪದ ಆಸ್ಪತ್ರೆಗೆ ಸಾಗಿಸಬೇಕು. ಹೊಳೆ ತುಂಬುವ ಮಳೆಗಾಲದಲ್ಲಿ ಯಾವ ದಾರಿಯಿಂದ ಹೋಗಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿರಬೇಕು.

ಮನೆಯ ಪ್ರತಿಯೊಬ್ಬರ ಪಥ್ಯವನ್ನು ಒಂದು ಹಾಳೆಯಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸುವುದು ಒಳ್ಳೆಯದು. ಲೇಶವೂ ಆಗದವುಗಳನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ಗೃಹಿಣಿ ಊರಿನಲ್ಲಿ ಇಲ್ಲದ ದಿನ ಒಲೆಯ ಮುಂದೆ ನಿಲ್ಲುವವರಿಗೆ ಆ ಹಾಳೆಯೇ ದಾರಿ ತೋರಿಸುತ್ತದೆ.