ಜಾರ್ ಒಳಗಿನ ಪ್ರಾಪರ್ಟೀಸ್ ಕಡತ ಮತ್ತು ಕನ್ನಡ ಅಕ್ಷರಗಳು

ಹಾಜರಾತಿಗೊಂದು, ಅಂಕಪಟ್ಟಿಗೊಂದು ಎಂದು ಜಾವಾ ಭಾಷೆಯಲ್ಲಿ ಎರಡು ತಂತ್ರಾಂಶಗಳನ್ನು ಬರೆದಿರುವ ಶಾಲೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಶಾಲೆಯ ಹೆಸರು, ಶೈಕ್ಷಣಿಕ ವರ್ಷ ಮೊದಲಾದ ವಿವರಗಳು ಎರಡಕ್ಕೂ ಬೇಕು. ಅವುಗಳನ್ನು ಎರಡು ಕಡೆ ಬರೆದಿಟ್ಟರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಸಹಜ. ಆದುದರಿಂದ ಅವನ್ನು 'ಕೀಲಿ = ಮೌಲ್ಯ' ಎಂಬ ಸಾಲುಗಳಾಗಿ ಒಂದೇ ಪ್ರಾಪರ್ಟೀಸ್ ಕಡತದಲ್ಲಿ ಬರೆದು, ಎರಡೂ ತಂತ್ರಾಂಶಗಳು ಬಳಸುವ ಲೈಬ್ರರಿಯ ಜಾರ್‌ನಲ್ಲಿ ಇರಿಸುವುದು ವಾಡಿಕೆ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಆ ಕಡತವನ್ನು ಫೈಲ್‌ಇನ್‌ಪುಟ್‌ಸ್ಟ್ರೀಮ್ ಮೂಲಕ ತೆರೆಯಲು ಹೋಗುತ್ತಾರೆ. ಕಡತವು ಫೋಲ್ಡರಿನಲ್ಲಿರುವವರೆಗೆ ಇದು ನಡೆಯುತ್ತದೆ. ಜಾರ್ ಕಟ್ಟಿದೊಡನೆ ಕೆಡುತ್ತದೆ. ಜಾರ್ ಎಂಬುದು ವಾಸ್ತವವಾಗಿ ಒಂದು ಜಿಪ್ ಕಡತ. ಅದರೊಳಗಿರುವುದಕ್ಕೆ ಡಿಸ್ಕಿನಲ್ಲಿ ಸ್ವತಂತ್ರ ವಿಳಾಸವಿಲ್ಲ. ಲೈಬ್ರರಿಯದೇ ಒಂದು ಕ್ಲಾಸಿನ ಗೆಟ್‌ರಿಸೋರ್ಸ್‌ಆಸ್‌ಸ್ಟ್ರೀಮ್ ಮೂಲಕ ಅದನ್ನು ಪಡೆಯಬೇಕು. ಹೆಸರಿನ ಮೊದಲಿಗೆ ಓರೆಗೆರೆಯಿದ್ದರೆ ಕ್ಲಾಸ್‌ಪಾತ್‌ನ ಬುಡದಿಂದ, ಇಲ್ಲದಿದ್ದರೆ ಆ ಕ್ಲಾಸಿನ ಪ್ಯಾಕೇಜಿನಲ್ಲಿ ಹುಡುಕಾಟ ನಡೆಯುತ್ತದೆ. ಸಿಗದಿದ್ದಾಗ ದೋಷಸಂದೇಶ ಬರುವುದಿಲ್ಲ, ಸುಮ್ಮನೆ ನಲ್ ಬರುತ್ತದೆ. ಒಂದೇ ಹೆಸರಿನ ಕಡತ ಎರಡು ಜಾರ್‌ಗಳಲ್ಲಿದ್ದರೆ ಕ್ಲಾಸ್‌ಪಾತ್‌ನಲ್ಲಿ ಮೊದಲು ಬಂದದ್ದೇ ದೊರೆಯುವುದರಿಂದ, ಕಡತವನ್ನು ಪ್ಯಾಕೇಜಿನೊಳಗೆ ಇಡುವುದು ಕ್ಷೇಮ.

ಕನ್ನಡ ಶಾಲೆಯನ್ನು ಹೆಚ್ಚು ಕಾಡುವ ಸಂಗತಿ ಬೇರೆಯೇ ಇದೆ. ಪ್ರಾಪರ್ಟೀಸ್ ಕ್ಲಾಸಿನ ಲೋಡ್‌ಗೆ ಸ್ಟ್ರೀಮನ್ನು ನೇರವಾಗಿ ಕೊಟ್ಟರೆ, ಅದು ಬೈಟುಗಳನ್ನು ಐಎಸ್‌ಒ 8859-1 ಎಂಬ ಪಶ್ಚಿಮ ಯುರೋಪಿನ ಸಂಕೇತಕ್ರಮದಲ್ಲಿ ಓದುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟುಗಳು. 'ಶಾಲೆ' ಎಂಬಲ್ಲಿ ಶ, ದೀರ್ಘ, ಲ, ಎತ್ವ ಎಂದು 4 ಸಂಕೇತಗಳು, ಅಂದರೆ 12 ಬೈಟುಗಳು. ಅವು 12 ಬಿಡಿ ಅಕ್ಷರಗಳಾಗಿ ಬರುತ್ತವೆ; ಮೂರಕ್ಕೊಮ್ಮೆ, ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ 'ಎ' ಕಾಣಿಸುತ್ತದೆ. ಕಾಸರಗೋಡಿನ ಶಾಲೆಯು ತನ್ನ ಹೆಸರನ್ನು ಮಲಯಾಳದಲ್ಲಿಯೂ ಬರೆದಿದ್ದರೆ ಅದರ ಗತಿಯೂ ಇದೇ. ಮಕ್ಕಳು ಫಾಂಟ್ ಕೆಟ್ಟಿತೆಂದು ಫಾಂಟುಗಳನ್ನು ಬದಲಿಸುತ್ತ ಕುಳಿತರೆ ವೇಳೆ ವ್ಯರ್ಥ.

ಹಿಂದೆ ಪ್ರತಿ ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಯಿಂದ ಬರೆಯುತ್ತಿದ್ದರು. 'ಕ' ಎಂದರೆ 0ಸಿ95. ಅಂಥ ಕಡತದಲ್ಲಿ ಕಾಗುಣಿತ ತಿದ್ದುವುದು ಯಾರಿಗೂ ಬೇಡ. ಜಾವಾ 6ರಿಂದ ಲೋಡ್‌ಗೆ ರೀಡರನ್ನೂ ಕೊಡಬಹುದಾಗಿದೆ. ಸ್ಟ್ರೀಮನ್ನು ಇನ್‌ಪುಟ್‌ಸ್ಟ್ರೀಮ್‌ರೀಡರ್‌ಗೆ ಒಪ್ಪಿಸಿ, ಯುಟಿಎಫ್-8 ಎಂದು ಸ್ಪಷ್ಟವಾಗಿ ಹೆಸರಿಸಿದರೆ ಸಾಕು. ಜಾವಾ 9ರಿಂದ ರಿಸೋರ್ಸ್‌ಬಂಡಲ್ ತಾನಾಗಿಯೇ ಯುಟಿಎಫ್-8 ಓದುತ್ತದೆ. ಆದರೆ ಸ್ಟ್ರೀಮ್ ಪಡೆಯುವ ಲೋಡ್ ಹಳೆಯ ಕ್ರಮದಲ್ಲಿಯೇ ಉಳಿದಿದೆ.

ತರಗತಿಯಲ್ಲಿ 'ಶಾಲೆ' ಎಂಬ ಮೌಲ್ಯವನ್ನು ಎರಡೂ ಬಗೆಯಲ್ಲಿ ಓದಿಸಿ, ಅದರ ಲೆಂಗ್ತ್ ಮುದ್ರಿಸಲು ಹೇಳಬೇಕು. ಪರದೆಯು ಕನ್ನಡವನ್ನು ತೋರಿಸಲಾರದಿದ್ದರೂ 12 ಮತ್ತು 4 ಎಂಬ ಅಂಕಿಗಳು ಕಾಣುತ್ತವೆ.