ಸರ್ಕಾರಿ ಡ್ರೋನ್ ಕಣ್ಗಾವಲು: ನಾಗರಿಕರ ಹಕ್ಕು ಮತ್ತು ಕಾನೂನಿನ ದಾರಿಗಳು

ಸರ್ಕಾರದ ಡ್ರೋನ್ ಒಂದು ಬಡಾವಣೆಯ ಮೇಲೆ ಹಾರುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಯಂತ್ರವೊಂದು ಆಕಾಶದಲ್ಲಿ ಸಂಚರಿಸುತ್ತದೆ. ಅದಕ್ಕೆ ಕಟ್ಟಿದ ಕ್ಯಾಮೆರಾ ಕೆಳಗಿನ ಜನರನ್ನು, ಮನೆಗಳನ್ನು ಚಿತ್ರೀಕರಿಸುತ್ತದೆ. ಮೊದಲನೆಯದಕ್ಕೆ ಭಾರತದಲ್ಲಿ ವಿವರವಾದ ನಿಯಮಗಳಿವೆ. ಎರಡನೆಯದಕ್ಕೆ ಪ್ರತ್ಯೇಕ ಕಾಯ್ದೆಯೇ ಇಲ್ಲ. ಚಿತ್ರ ತೆಗೆಯಲು ಯಾರ ಅನುಮತಿ ಬೇಕು, ತೆಗೆದದ್ದನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು, ಯಾರಿಗೆಲ್ಲ ಕೊಡಬಹುದು ಎಂದು ಯಾವ ಶಾಸನವೂ ಹೇಳಿಲ್ಲ. ಪೊಲೀಸ್ ಡ್ರೋನ್ ಕುರಿತ ನಾಗರಿಕ ಹಕ್ಕಿನ ಪ್ರಶ್ನೆಗಳೆಲ್ಲ ಹುಟ್ಟುವುದು ಈ ಕೊರತೆಯಿಂದ.

ಕೊರೋನಾ ಕಾಲದಲ್ಲಿ ಈ ಬಳಕೆ ಒಮ್ಮೆಗೇ ಹೆಚ್ಚಿತು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರು ಸೇರಿದಂತೆ ದೇಶದ ಹಲವು ನಗರಗಳ ಪೊಲೀಸರು ಜನಸಂಚಾರದ ಮೇಲೆ ಡ್ರೋನ್‌ನಿಂದ ನಿಗಾ ಇಟ್ಟರು. ಸರ್ಕಾರಿ ಸಂಸ್ಥೆಗಳು ಇದಕ್ಕೆ ಷರತ್ತುಬದ್ಧ ವಿನಾಯಿತಿ ಪಡೆಯಲೆಂದು ಕೇಂದ್ರವು ಆ ವರ್ಷದ ಮೇ ತಿಂಗಳಲ್ಲಿ 'ಗರುಡ್' ಎಂಬ ಪೋರ್ಟಲ್ ತೆರೆಯಿತು. ಸಾಂಕ್ರಾಮಿಕ ಮುಗಿಯಿತು, ಡ್ರೋನ್ ಉಳಿಯಿತು. ಗಣೇಶ ವಿಸರ್ಜನೆ, ಜಾತ್ರೆ, ಚುನಾವಣಾ ರ‍್ಯಾಲಿ, ಪ್ರತಿಭಟನೆಗಳಲ್ಲಿ ಅದೀಗ ಮಾಮೂಲು. 2024ರ ಫೆಬ್ರವರಿಯಲ್ಲಿ ಪಂಜಾಬ್–ಹರಿಯಾಣ ನಡುವಿನ ಶಂಭು ಗಡಿಯಲ್ಲಿ ಹರಿಯಾಣ ಪೊಲೀಸರು ಪ್ರತಿಭಟನಾನಿರತ ರೈತರ ಮೇಲೆ ಡ್ರೋನ್‌ನಿಂದ ಅಶ್ರುವಾಯು ಶೆಲ್‌ಗಳನ್ನೂ ಹಾಕಿದರು. ನೋಡಲೆಂದು ತಂದ ಯಂತ್ರವು ಬಲಪ್ರಯೋಗದ ಸಾಧನವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಹಾರಾಟವನ್ನು ನಿಯಂತ್ರಿಸುವುದು 2021ರ ಆಗಸ್ಟ್ 25ರಂದು ಅಧಿಸೂಚನೆಗೊಂಡ ಡ್ರೋನ್ ನಿಯಮಗಳು. ಇವು ಅನ್ವಯಿಸದಿರುವುದು ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಯ ಡ್ರೋನ್‌ಗಳಿಗೆ ಮಾತ್ರ. ಪೊಲೀಸ್, ಕಂದಾಯ, ಅರಣ್ಯ ಇಲಾಖೆಗಳಿಗಾಗಲಿ ನಗರಪಾಲಿಕೆಗಳಿಗಾಗಲಿ ಅಂಥ ಸಾರಾಸಗಟು ರಿಯಾಯಿತಿ ಇಲ್ಲ. ಕೇಂದ್ರ ಸರ್ಕಾರ ಪ್ರತ್ಯೇಕ ಆದೇಶದಿಂದ ವಿನಾಯಿತಿ ಕೊಟ್ಟಿಲ್ಲದಿದ್ದರೆ ಅವುಗಳ ಡ್ರೋನ್‌ಗಳೂ ನೋಂದಣಿಯಾಗಬೇಕು, ವಿಶಿಷ್ಟ ಗುರುತಿನ ಸಂಖ್ಯೆ ಹೊಂದಿರಬೇಕು. ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವಿನ ಪ್ರದೇಶದಲ್ಲಾದರೆ 200 ಅಡಿಯವರೆಗೆ, ಅನುಮತಿಯಿಲ್ಲದೆ ಹಾರಿಸಬಹುದು. ಹಳದಿ ವಲಯಕ್ಕೆ ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಎಸ್‌ಪಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿ ಒಂದು ಪ್ರದೇಶವನ್ನು ಗರಿಷ್ಠ 96 ಗಂಟೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಬಹುದು. ಇಂಥ ಘೋಷಣೆಯಾದಾಗ ಪತ್ರಕರ್ತರ ಮತ್ತು ಸಾರ್ವಜನಿಕರ ಡ್ರೋನ್‌ಗಳು ಕೆಳಗಿಳಿಯುತ್ತವೆ. ನೋಡುವವರ ಪಟ್ಟಿಯಲ್ಲಿ ಆಗ ಪೊಲೀಸರಷ್ಟೇ ಉಳಿಯುತ್ತಾರೆಂಬುದನ್ನು ಗಮನಿಸಬೇಕು.

ಇಷ್ಟೆಲ್ಲ ವಿವರವಿರುವ ನಿಯಮಗಳಲ್ಲಿ ಖಾಸಗಿತನದ ರಕ್ಷಣೆಗೆಂದು ಒಂದು ಅಧ್ಯಾಯವಿಲ್ಲ. ಹಾಗೆಂದು ಸರ್ಕಾರಕ್ಕೆ ಕಡಿವಾಣವೇ ಇಲ್ಲವೆಂದಲ್ಲ. ಕಡಿವಾಣ ಇರುವುದು ಸಂವಿಧಾನದಲ್ಲಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು 21ನೇ ವಿಧಿಯಡಿ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಹೂಡಿದ ಅರ್ಜಿಯೇ ದೇಶದ ಪ್ರತಿಯೊಬ್ಬರ ಖಾಸಗಿತನಕ್ಕೆ ಆಧಾರವಾಯಿತು.

ಈ ತೀರ್ಪಿನ ಪ್ರಕಾರ ಖಾಸಗಿತನದಲ್ಲಿ ಕೈಹಾಕುವ ಸರ್ಕಾರ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಆ ಕ್ರಮಕ್ಕೆ ಕಾನೂನಿನ ಆಧಾರವಿದೆಯೇ? ಅದರ ಉದ್ದೇಶ ನ್ಯಾಯಸಮ್ಮತವೇ? ಉದ್ದೇಶಕ್ಕೆ ತಕ್ಕಷ್ಟೇ ಹಸ್ತಕ್ಷೇಪ ನಡೆದಿದೆಯೇ, ಇಲ್ಲವೇ ಅತಿಯಾಗಿದೆಯೇ? ಡ್ರೋನ್ ಕಣ್ಗಾವಲು ಎಡವುವುದು ಮೊದಲ ಪ್ರಶ್ನೆಯಲ್ಲೇ. ಅಪರಾಧ ತಡೆಯುವುದು, ಶಾಂತಿ ಕಾಪಾಡುವುದು ಪೊಲೀಸರ ಕರ್ತವ್ಯವೆಂದು ಪೊಲೀಸ್ ಕಾಯ್ದೆಗಳು ಹೇಳುತ್ತವೆ, ನಿಜ. ಆದರೆ ಕರ್ತವ್ಯವನ್ನು ವಿಧಿಸುವ ಸಾಮಾನ್ಯ ಮಾತು ಬೇರೆ, ಸಾವಿರಾರು ಜನರನ್ನು ಒಟ್ಟಿಗೆ ಚಿತ್ರೀಕರಿಸಿ ದಾಖಲೆ ಇಟ್ಟುಕೊಳ್ಳುವ ನಿರ್ದಿಷ್ಟ ಅಧಿಕಾರ ಬೇರೆ. ಮೂರನೆಯ ಪ್ರಶ್ನೆಯೂ ಸುಲಭದ್ದಲ್ಲ. ನೂಕುನುಗ್ಗಲು ತಡೆಯಲು ಜಾತ್ರೆಯ ರಸ್ತೆಯ ಮೇಲೆ ಎರಡು ಗಂಟೆ ಡ್ರೋನ್ ಹಾರಿಸಿದರೆ ಅದನ್ನು ಯಾರೂ ಆಕ್ಷೇಪಿಸಲಾರರು. ಅದೇ ಡ್ರೋನ್ ಒಂದು ಕೇರಿಯ ತಾರಸಿಗಳ ಮೇಲೆ ದಿನವೂ ಸುತ್ತಿದರೆ, ಪ್ರತಿಭಟನೆಗೆ ಬಂದವರ ಮುಖಗಳನ್ನು ಒಂದೊಂದಾಗಿ ಹತ್ತಿರಕ್ಕೆಳೆದು ತೋರಿಸಿದರೆ, ಪ್ರಮಾಣ ಮೀರಿದಂತೆಯೇ. ಶಾಂತಿಯುತವಾಗಿ ಸಭೆ ಸೇರುವ 19ನೇ ವಿಧಿಯ ಹಕ್ಕಿಗೂ ಅಲ್ಲಿ ಪೆಟ್ಟು ಬೀಳುತ್ತದೆ. ಮುಖ ದಾಖಲಾಗುತ್ತದೆಂಬ ಅಂಜಿಕೆಯಿಂದ ಮನೆಯಲ್ಲೇ ಉಳಿದವರ ಹಕ್ಕೂ ಹಕ್ಕೇ.

ರಸ್ತೆಯಲ್ಲಿರುವವರಿಗೆ ಖಾಸಗಿತನವೆಲ್ಲಿಯದು ಎಂಬ ವಾದ ಆಗಾಗ ಕೇಳಿಬರುತ್ತದೆ. ಪುಟ್ಟಸ್ವಾಮಿ ತೀರ್ಪು ಇದಕ್ಕೆ ನೇರ ಉತ್ತರ ಕೊಟ್ಟಿದೆ: ವ್ಯಕ್ತಿ ಸಾರ್ವಜನಿಕ ಸ್ಥಳದಲ್ಲಿದ್ದಾನೆಂಬ ಒಂದೇ ಕಾರಣಕ್ಕೆ ಖಾಸಗಿತನ ಕಳೆದುಹೋಗುವುದಿಲ್ಲ, ಏಕೆಂದರೆ ಅದು ಸ್ಥಳಕ್ಕಲ್ಲ, ವ್ಯಕ್ತಿಯ ಘನತೆಗೆ ಅಂಟಿದ್ದು. ಮನೆಯ ವಿಷಯದಲ್ಲಂತೂ ರಕ್ಷಣೆ ಇನ್ನೂ ಗಟ್ಟಿ. 1962ರ ಖರಕ್ ಸಿಂಗ್ ಪ್ರಕರಣದಲ್ಲಿ, ಖಾಸಗಿತನವು ಹಕ್ಕೇ ಅಲ್ಲವೆಂದು ಬಹುಮತದ ನ್ಯಾಯಮೂರ್ತಿಗಳು ಹೇಳಿದ್ದ ಕಾಲದಲ್ಲೂ, ಪೊಲೀಸರು ರಾತ್ರಿ ಹೊತ್ತು ಮನೆಗೆ ಬಂದು ತಪಾಸಣೆ ಮಾಡುವುದನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತ್ತು. ಬಾಗಿಲು ತಟ್ಟದೆ ಮೇಲಿನಿಂದ ಅಂಗಳವನ್ನು ಇಣುಕುವ ಡ್ರೋನ್ ಆ ತಪಾಸಣೆಗಿಂತ ಹೇಗೆ ಭಿನ್ನ ಎಂದು ನ್ಯಾಯಾಲಯದ ಮುಂದೆ ಕೇಳಲು ಇಲ್ಲಿ ಒಳ್ಳೆಯ ನೆಲೆಯಿದೆ.

ಮುಖ ಗುರುತಿಸುವ ತಂತ್ರಾಂಶ ಸೇರಿದರೆ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. ಪೊಲೀಸರು ಇದಕ್ಕೆ 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯನ್ನು ಆಧಾರವಾಗಿ ತೋರಿಸಿದರೆ ಅದು ಸಾಲದು. ಬೆರಳಚ್ಚು, ಛಾಯಾಚಿತ್ರ, ಕಣ್ಣಿನ ಪಾಪೆಯ ಸ್ಕ್ಯಾನ್ ಮುಂತಾದವನ್ನು ಪಡೆದು 75 ವರ್ಷ ಸಂಗ್ರಹಿಸಲು ಆ ಕಾಯ್ದೆ ಅವಕಾಶ ಕೊಡುತ್ತದೆಯಾದರೂ, ಅದರ ಮುಖ್ಯ ವ್ಯಾಪ್ತಿ ಶಿಕ್ಷೆಗೊಳಗಾದವರು, ಬಂಧಿತರು, ಮುಂಜಾಗ್ರತೆಗಾಗಿ ವಶದಲ್ಲಿಡಲಾದವರು. ರಸ್ತೆಯಲ್ಲಿ ನಡೆದುಹೋಗುವ ಜನಸಮೂಹದ ಮುಖಗಳನ್ನು ಆಕಾಶದಿಂದ ಸಂಗ್ರಹಿಸುವ ಅಧಿಕಾರ ಅದರಲ್ಲಿಲ್ಲ.

ಶಾಸನವಿಲ್ಲದ ಡ್ರೋನ್ ನಿಗಾವನ್ನು ನ್ಯಾಯಾಲಯ ತಡೆದ ಉದಾಹರಣೆ ಫ್ರಾನ್ಸಿನಲ್ಲಿದೆ. ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯವಾದ 'ಕೌನ್ಸೆಯ್ ದೆತಾ' 2020ರ ಮೇ 18ರಂದು, ಪ್ಯಾರಿಸ್ ಪೊಲೀಸರು ಕೊರೋನಾ ನಿರ್ಬಂಧಗಳ ಪಾಲನೆಗೆ ಡ್ರೋನ್ ಬಳಸುವುದನ್ನು ನಿಲ್ಲಿಸಬೇಕೆಂದು ಆದೇಶಿಸಿತು. ಜನರನ್ನು ಗುರುತಿಸಬಲ್ಲ ಕ್ಯಾಮೆರಾಗಳ ಬಳಕೆಗೆ ಸೂಕ್ತ ನಿಯಮವೂ ರಕ್ಷಣೆಯೂ ಇಲ್ಲ ಎಂಬುದು ಕಾರಣ. ಫ್ರಾನ್ಸ್ ಸಂಸತ್ತು 2022ರಲ್ಲಿ ಅದಕ್ಕಾಗಿ ಕಾನೂನನ್ನೇ ಮಾಡಬೇಕಾಯಿತು. ಭಾರತದ ನ್ಯಾಯಾಲಯಗಳಿಗೆ ಈ ಆದೇಶ ಬಂಧಕವಲ್ಲ, ಆದರೆ ವಾದಕ್ಕೆ ಬಲ ಕೊಡುವಂಥದ್ದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ ಈ ವಿಷಯದಲ್ಲಿ ಹೆಚ್ಚು ನಿರೀಕ್ಷಿಸಲಾಗದು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕರ್ತವ್ಯಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. 17ನೇ ಕಲಮು ಅಪರಾಧ ತಡೆ ಮತ್ತು ತನಿಖೆಗಾಗಿ ನಡೆಯುವ ದತ್ತಾಂಶ ಬಳಕೆಗೆ ಸಮ್ಮತಿ ಮೊದಲಾದ ಷರತ್ತುಗಳಿಂದ ವಿನಾಯಿತಿ ಕೊಡುತ್ತದೆ. ಕೇಂದ್ರವು ಅಧಿಸೂಚಿಸಿದ ಸರ್ಕಾರಿ ಸಂಸ್ಥೆಗಳನ್ನಂತೂ ಕಾಯ್ದೆಯಿಂದಲೇ ಹೊರಗಿಡಬಹುದು. ಹಾಗೆ ಅಧಿಸೂಚಿತವಾಗದ ಪೊಲೀಸ್ ಇಲಾಖೆಗೆ ಒಂದು ಹೊಣೆ ಮಾತ್ರ ಉಳಿಯುತ್ತದೆ: ಸಂಗ್ರಹಿಸಿದ ದತ್ತಾಂಶ ಸೋರಿಕೆಯಾಗದಂತೆ ಭದ್ರವಾಗಿಡುವುದು. ಡ್ರೋನ್ ದೃಶ್ಯಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿದರೆ ಆ ಹೊಣೆಯನ್ನು ಪ್ರಶ್ನಿಸಬಹುದು.

ಎಲ್ಲ ಸರ್ಕಾರಿ ಡ್ರೋನ್‌ಗಳೂ ಕಣ್ಗಾವಲಿನವಲ್ಲ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಾ ಆಸ್ತಿಗಳ ಅಳತೆಗೆ ಡ್ರೋನ್ ಹಾರಿಸಲಾಗುತ್ತದೆ; ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಾರಾಟಕ್ಕೆ ಮೊದಲು ಊರಿನವರ ಎದುರು ಆಸ್ತಿಯ ಗಡಿಗೆ ಸುಣ್ಣದ ಗೆರೆ ಎಳೆಯಲಾಗುತ್ತದೆ. ಕರಡು ನಕ್ಷೆಗೆ ಆಕ್ಷೇಪಣೆ ಸಲ್ಲಿಸಬಹುದು. ಮುಂಚೆಯೇ ತಿಳಿಸಿ, ಉದ್ದೇಶ ಹೇಳಿ, ತಕರಾರು ಕೇಳಿ ನಡೆಸುವ ಈ ಕ್ರಮ ಡ್ರೋನ್ ಬಳಕೆಯ ಸರಿಯಾದ ಮಾದರಿ. ಆದರೆ ಅಳತೆಗೆಂದು ತೆಗೆದ ಚಿತ್ರ ಮತ್ತೊಂದು ಇಲಾಖೆಯ ಬೇರೆ ಕೆಲಸಕ್ಕೆ ಹೋದರೆ, ಉದ್ದೇಶ ಬದಲಾದ ಕಾರಣಕ್ಕೆ ಅದನ್ನು ಪ್ರಶ್ನಿಸುವ ಹಕ್ಕು ಆಸ್ತಿದಾರರಿಗಿದೆ.

ಡ್ರೋನ್ ನಿಗಾಕ್ಕೆ ಒಳಗಾದೆನೆಂದು ಭಾವಿಸುವವರು ಮೊದಲು ಮಾಡಬೇಕಾದ್ದು ದಿನಾಂಕ, ಸಮಯ, ಜಾಗ, ಎಷ್ಟು ಹೊತ್ತು ಹಾರಿತು, ಹತ್ತಿರದಲ್ಲಿ ಯಾವ ಇಲಾಖೆಯ ವಾಹನವಿತ್ತು ಎಂಬುದನ್ನು ಬರೆದಿಟ್ಟುಕೊಳ್ಳುವುದು. ಸಾಧ್ಯವಾದರೆ ಡ್ರೋನಿನ ಫೋಟೊ ತೆಗೆಯುವುದು. ಡ್ರೋನ್‌ಗಳಿಗಾಗಿ ಸರ್ಕಾರ ನಡೆಸುವ 'ಡಿಜಿಟಲ್ ಸ್ಕೈ' ಆನ್‌ಲೈನ್ ವೇದಿಕೆಯ ನಕ್ಷೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದು. ಆಮೇಲೆ ತಡಮಾಡದೆ ಎಸ್‌ಪಿ ಅಥವಾ ಪೊಲೀಸ್ ಕಮಿಷನರ್‌ಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದು, ಆ ಅವಧಿಯ ದೃಶ್ಯಗಳನ್ನು ಅಳಿಸದೆ ಕಾಯ್ದಿಡಲು ಕೋರಬೇಕು. ಪೊಲೀಸ್ ಠಾಣೆಗಳ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಹೇಳಿದೆ. ಡ್ರೋನ್ ದೃಶ್ಯಗಳಿಗೆ ಅಂಥ ಗಡುವಿಲ್ಲದ ಕಾರಣ ಈ ಪತ್ರವೇ ಮುಂದಿನ ಎಲ್ಲ ಹೆಜ್ಜೆಗಳಿಗೆ ತಳಪಾಯ.

ನಂತರದ ಹೆಜ್ಜೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಅಭಿಪ್ರಾಯ ಬರೆಯದೆ ದಾಖಲೆಗಳನ್ನೇ ಕೇಳುವುದು ಜಾಣತನ: ಡ್ರೋನಿನ ಗುರುತಿನ ಸಂಖ್ಯೆ, ಆ ದಿನದ ಹಾರಾಟಕ್ಕೆ ಆದೇಶಿಸಿದ ಕಡತದ ಪ್ರತಿ, ಕಾರ್ಯವಿಧಾನದ ಸುತ್ತೋಲೆ, ದೃಶ್ಯ ಸಂಗ್ರಹದ ಅವಧಿ, ಮುಖ ಗುರುತಿಸುವ ತಂತ್ರಾಂಶದ ಖರೀದಿ ಆದೇಶ. ಅರ್ಜಿ ತಪ್ಪು ಕಚೇರಿಗೆ ಹೋದರೂ 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅಧಿಕಾರಿಯ ಕರ್ತವ್ಯ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅಥವಾ ನಿರಾಕರಿಸಿದರೆ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲಿಂದ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು.

ಇಲ್ಲಿ ಎದುರಾಗುವ ನಿರಾಕರಣೆಗಳು ಹೆಚ್ಚಾಗಿ ಎರಡು ಬಗೆಯವು. ತನಿಖೆಗೆ ಅಡ್ಡಿಯಾಗುತ್ತದೆ ಎಂಬುದು ಒಂದು. ತನಿಖೆ ನಡೆಯುತ್ತಿದೆ ಎಂದಷ್ಟೇ ಹೇಳಿದರೆ ಸಾಲದು, ಮಾಹಿತಿ ಕೊಟ್ಟರೆ ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕೆಂದು ದೆಹಲಿ ಹೈಕೋರ್ಟ್ 2007ರ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಇನ್ನೊಂದು, ಇದು ವೈಯಕ್ತಿಕ ಮಾಹಿತಿ ಎಂಬ ನೆಪ. ದತ್ತಾಂಶ ಕಾಯ್ದೆಯ ತಿದ್ದುಪಡಿಯಿಂದ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ಈಗ ಮೊದಲಿಗಿಂತ ಬಿಗಿಯಾಗಿದೆ, ಮತ್ತು ಇದು ನಾಗರಿಕರಿಗೆ ಆದ ನಿಜವಾದ ನಷ್ಟ. ಆದರೆ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆನ್ನುವ 8(2) ಉಳಿದಿದೆ. ಸುತ್ತೋಲೆ, ಖರೀದಿ ಆದೇಶಗಳಂತೂ ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ.

ಡ್ರೋನ್ ನಡೆಸಿದವರು ವೈಯಕ್ತಿಕವಾಗಿ ಅಪರಾಧ ಎಸಗಿದ್ದರೆ ದಾರಿ ಬೇರೆ. ಸ್ನಾನ, ಶೌಚ ಮೊದಲಾದ ಖಾಸಗಿ ಕ್ರಿಯೆಯಲ್ಲಿರುವ ಮಹಿಳೆಯನ್ನು ನೋಡುವುದು ಅಥವಾ ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಮೊದಲ ಬಾರಿಗೆ 1ರಿಂದ 3 ವರ್ಷ, ಪುನರಾವರ್ತನೆಗೆ 3ರಿಂದ 7 ವರ್ಷ ಜೈಲು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ರಕ್ಷಣೆ ಲಿಂಗಭೇದವಿಲ್ಲದೆ ಎಲ್ಲರಿಗೂ ಇದೆ. ಇವೆರಡರ ವ್ಯಾಪ್ತಿ ಕಿರಿದು. ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರನ್ನು ಚಿತ್ರೀಕರಿಸಿದರೆ ಇವು ಅನ್ವಯಿಸುವುದಿಲ್ಲ. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ರಂತೆ ಎಸ್‌ಪಿಗೆ, ಆಮೇಲೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಆರೋಪ ಸರ್ಕಾರಿ ನೌಕರನ ಕರ್ತವ್ಯಕ್ಕೆ ಸಂಬಂಧಿಸಿದ್ದಾದರೆ, ತನಿಖೆಗೆ ಆದೇಶಿಸುವ ಮೊದಲು ಮ್ಯಾಜಿಸ್ಟ್ರೇಟರು ಮೇಲಧಿಕಾರಿಯ ವರದಿ ಪಡೆಯಬೇಕಾಗುತ್ತದೆ.

ವ್ಯವಸ್ಥೆಯನ್ನೇ ಪ್ರಶ್ನಿಸುವುದಾದರೆ ಹೈಕೋರ್ಟಿನಲ್ಲಿ 226ನೇ ವಿಧಿಯಡಿ ರಿಟ್ ಅರ್ಜಿಯೇ ಸರಿಯಾದ ಮಾರ್ಗ. ಕರ್ನಾಟಕದವರು ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ತಮ್ಮ ಜಿಲ್ಲೆಗೆ ಸಂಬಂಧಿಸಿದ್ದಕ್ಕೆ ಹೋಗಬೇಕು. ಮಾಹಿತಿ ಹಕ್ಕಿನಡಿ ಸಿಕ್ಕ ಉತ್ತರ, ಕೆಲವೊಮ್ಮೆ 'ಅಂಥ ಸುತ್ತೋಲೆ ಇಲ್ಲ' ಎಂಬ ಉತ್ತರ ಕೂಡ, ಇಲ್ಲಿ ಅತ್ಯಂತ ಬಲವಾದ ದಾಖಲೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ಆದರೆ ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು.

ಡ್ರೋನ್ ದೃಶ್ಯದ ಆಧಾರದ ಮೇಲೆ ಆರೋಪಿಯಾದವರಿಗೂ ಹಕ್ಕುಗಳಿವೆ. ಪ್ರಾಸಿಕ್ಯೂಷನ್ ನೆಚ್ಚಿಕೊಂಡ ದಾಖಲೆಗಳ ಪ್ರತಿಯನ್ನು ಅವರಿಗೆ ಉಚಿತವಾಗಿ ಕೊಡಬೇಕು. ದೃಶ್ಯದ ನಕಲು ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಕಡತ ತಿರುಚಿಲ್ಲವೆಂದು ಪರೀಕ್ಷಿಸಲು ನೆರವಾಗುವ ಹ್ಯಾಶ್ ಮೌಲ್ಯ ಅದರಲ್ಲಿರಬೇಕು. ಅಕ್ರಮವಾಗಿ ಪಡೆದದ್ದೆಂಬ ಒಂದೇ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟಿನ 1973ರ ಪೂರಣ್ ಮಲ್ ತೀರ್ಪು ಹೇಳುತ್ತದೆ. ಆದರೆ ಪುಟ್ಟಸ್ವಾಮಿ ತೀರ್ಪಿನ ನಂತರ, 2019ರಲ್ಲಿ, ಬಾಂಬೆ ಹೈಕೋರ್ಟ್ ವಿನಿತ್ ಕುಮಾರ್ ಪ್ರಕರಣದಲ್ಲಿ ಅಕ್ರಮ ದೂರವಾಣಿ ಕದ್ದಾಲಿಕೆಯ ದಾಖಲೆಗಳನ್ನು ನಾಶಪಡಿಸಲು ಆದೇಶಿಸಿತು. ವಕೀಲರು ಈ ತೀರ್ಪನ್ನು ಮುಂದಿಡಬಹುದು.

ಕಲ್ಲು ಹೊಡೆದೋ ಬೇರೆ ರೀತಿಯಲ್ಲೋ ಡ್ರೋನ್ ಕೆಡವುವುದು ಮಾತ್ರ ಸಲ್ಲದು. ಆಸ್ತಿ ನಷ್ಟ, ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂಬ ಮೊಕದ್ದಮೆಗಳು ಬೀಳುತ್ತವೆ, ದೂರುದಾರರಾಗಬೇಕಾದವರು ಆರೋಪಿಗಳಾಗುತ್ತಾರೆ. ವಕೀಲರಿಗೆ ಹಣ ತೆರಲಾಗದವರು ತಾಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ವಶದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಳಿದವರಿಗೆ ನಿಗದಿತ ಆದಾಯ ಮಿತಿಯೊಳಗೆ, ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100.